ಲಾಸ್ ಏಂಜಲೀಸ್‌ನ ದಿನಗೂಲಿ ಕೇಂದ್ರಗಳು: ಚಪ್ಪರಕ್ಕಿಂತ ಪುಸ್ತಕ ದೊಡ್ಡದು

ಮನೆ ಸಾಮಾನು ಸಾಗಿಸಲು, ಹಿತ್ತಲು ಸ್ವಚ್ಛ ಮಾಡಿಸಲು ಇಬ್ಬರು ಆಳು ಬೇಕಾದಾಗ ಕ್ಯಾಲಿಫೋರ್ನಿಯಾದ ಕನ್ನಡಿಗರೂ, ಕೂಲಿಗಾಗಿ ಜನ ಕಾದು ನಿಲ್ಲುವ ಹೋಮ್ ಡಿಪೋ ಎಂಬ ಕಟ್ಟಡ ಸಾಮಗ್ರಿ ಅಂಗಡಿಯ ಗೇಟಿನ ಬಳಿ ಕಾರು ನಿಲ್ಲಿಸುವುದುಂಟು. ಅದಕ್ಕೆ ಮೊದಲು ಹತ್ತಿರದಲ್ಲಿ ನಗರಾಡಳಿತದ ನೆರವಿನ ಕೂಲಿ ಕೇಂದ್ರ ಇದೆಯೇ ಎಂದು ವಿಚಾರಿಸಿ. ಲಾಸ್ ಏಂಜಲೀಸ್ ನಗರ ಇಂಥ ಮೊದಲ ಕೇಂದ್ರವನ್ನು 1989ರಲ್ಲಿ ತನ್ನದೇ ಬಡಾವಣೆಯಾದ ಹಾರ್ಬರ್ ಸಿಟಿಯಲ್ಲಿ ತೆರೆಯಿತು. ನಗರದ ವೆಸ್ಟ್‌ಲೇಕ್ ಬಡಾವಣೆಯ ಹೋಮ್ ಡಿಪೋ ಪಕ್ಕದ ಕೇಂದ್ರವನ್ನು ವಲಸಿಗರಿಗೆ ನೆರವಾಗುವ ಕ್ಯಾರೆಸೆನ್ ಎಂಬ ಸಂಸ್ಥೆ ನಡೆಸುತ್ತದೆ.

ಕಣ್ಣಿಗೆ ಕಾಣುವುದು ನೆರಳು, ಬೆಂಚು, ನೀರು, ಶೌಚಾಲಯ, ಅಷ್ಟೆ. ಅಸಲು ಕೆಲಸ ನಡೆಯುವುದು ಮೇಜಿನ ಮೇಲಿನ ಪುಸ್ತಕದಲ್ಲಿ. ಬೆಳಗ್ಗೆ ಬಂದವರು ಹೆಸರು ಬರೆಸಿ, ಗಾರೆ, ಪೇಂಟಿಂಗ್, ತೋಟಗೆಲಸ ಹೀಗೆ ತಮಗೆ ಬರುವ ಕೆಲಸ ಹೇಳುತ್ತಾರೆ. ಸರದಿಗೆ ಚೀಟಿ ಎತ್ತುವ ಪದ್ಧತಿಗೆ ಸ್ಪ್ಯಾನಿಷ್‌ನಲ್ಲಿ ‘ರೀಫಾ’ ಎನ್ನುತ್ತಾರೆ. ಮೊದಲು ಬಂದವರಿಗೆ ಮೊದಲ ಕೆಲಸ ಎಂದರೆ ಬೆಳಗಿನ ಜಾವ ಮೂರಕ್ಕೇ ಸಾಲು ನಿಲ್ಲುತ್ತದೆ, ದೂರದಿಂದ ಬಸ್ಸಿನಲ್ಲಿ ಬರುವವರು ದಿನವೂ ಹಿಂದೆ ಬೀಳುತ್ತಾರೆ. ಚೀಟಿಯೇ ನ್ಯಾಯ.

ಆಳು ಕರೆಯುವವರು ಎಷ್ಟು ಜನ, ಏನು ಕೆಲಸ, ಎಷ್ಟು ಗಂಟೆ, ಉಪಕರಣ ಯಾರದು ಎಂಬುದನ್ನು ಮೊದಲೇ ಹೇಳಬೇಕು. ಗಾಡಿ ಹತ್ತುವ ಮುಂಚೆ ದರ ಮಾತಾಗಬೇಕು. 2025ರ ಜುಲೈನಲ್ಲಿ ನಗರದ ಕನಿಷ್ಠ ಕೂಲಿ ಗಂಟೆಗೆ 17.87 ಡಾಲರ್ ಆಯಿತು. ದಿನಗೂಲಿ ಆಳಿಗೆ ಕನಿಷ್ಠ ಕೂಲಿಗಿಂತ ಹೆಚ್ಚು ಕೊಡುವುದು ರೂಢಿ, ಕೊಡಲೂಬೇಕು. ಐದು ಗಂಟೆ ಮೀರಿದರೆ ಅರ್ಧ ಗಂಟೆ ಊಟದ ಬಿಡುವು. ಕೂಲಿ ನೇರ ಕೆಲಸಗಾರರ ಕೈಗೆ, ಮಧ್ಯೆ ದಲ್ಲಾಳಿ ಇಲ್ಲ.

ಮಾಲೀಕರ ವಿಳಾಸ, ಗಾಡಿ ನಂಬರು ಬರೆದಿಟ್ಟುಕೊಂಡರೆ ಕೂಲಿ ಮುಳುಗಿಸುವುದು ಕಷ್ಟ. 2006ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹಿಂದಿನ ಎರಡು ತಿಂಗಳಲ್ಲಿ ಒಮ್ಮೆಯಾದರೂ ಕೂಲಿ ಸಿಗದೆ ಹೋದವರು ಸುಮಾರು ಅರ್ಧದಷ್ಟು. ಬೀದಿಯಲ್ಲಿ ಗಾಡಿ ಹತ್ತಿದವರಿಗೆ ದೂರು ಕೊಡೋಣವೆಂದರೆ ಮಾಲೀಕರ ಹೆಸರೇ ಗೊತ್ತಿರುವುದಿಲ್ಲ.

ಕೊರತೆಗಳು ಸಣ್ಣವಲ್ಲ. ಸರದಿ ಹಿಂದಿರುವವರು ಗೇಟಿಗೆ ಹೋಗಿ ನಿಂತರೆ ಗಾಡಿಗಳು ಅಲ್ಲೇ ತುಂಬುತ್ತವೆ, ದರ ಬೀಳುತ್ತದೆ, ಒಳಗೆ ಕಾದವರು ಬರಿಗೈಲಿ ಮನೆಗೆ. ದಿನವೂ ಹೊರಗೆ ಹೋಗಿ ಮಾತಾಡುವ ಸಿಬ್ಬಂದಿ ಇಲ್ಲದಿದ್ದರೆ ಕೇಂದ್ರ ಖಾಲಿಯಾಗುತ್ತದೆ. ವಿಮೆಯದು ಇನ್ನೂ ಗಂಭೀರ. ಗಾಯವಾಗುವುದಕ್ಕೆ ಹಿಂದಿನ 90 ದಿನಗಳಲ್ಲಿ ಅದೇ ಮನೆಯಲ್ಲಿ 52 ಗಂಟೆ ದುಡಿದು 100 ಡಾಲರ್ ಗಳಿಸಿರದಿದ್ದರೆ, ಮನೆಗೆಲಸಕ್ಕೆ ಬಂದವರಿಗೆ ರಾಜ್ಯದ ಕಾರ್ಮಿಕ ಪರಿಹಾರ ಕಾನೂನು ಅನ್ವಯಿಸುವುದಿಲ್ಲ. ಒಂದು ದಿನದ ಆಳಿಗೆ 52 ಗಂಟೆ ಎಲ್ಲಿಂದ ಬರಬೇಕು? ಆದ್ದರಿಂದ ಛಾವಣಿ ಹತ್ತುವ ಕೆಲಸಕ್ಕೆ ಇಲ್ಲಿಂದ ಆಳು ಕರೆಯಬೇಡಿ, ಪರವಾನಗಿ ಇರುವ ಗುತ್ತಿಗೆದಾರರನ್ನು ಹಿಡಿಯಿರಿ.

2025ರ ಆಗಸ್ಟ್ 6ರಂದು ಅದೇ ವೆಸ್ಟ್‌ಲೇಕ್ ಹೋಮ್ ಡಿಪೋದಲ್ಲಿ ವಲಸೆ ಅಧಿಕಾರಿಗಳು ಬಾಡಿಗೆ ಲಾರಿಯಿಂದ ಧುಮುಕಿ ಜನರನ್ನು ಹಿಡಿದರು. ಅಂಥದ್ದನ್ನು ಯಾವ ಚಪ್ಪರವೂ ತಡೆಯಲಾರದು.

ಆದರೂ ಆ ಪುಸ್ತಕ, ಬೆಳಗ್ಗೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ನಮ್ಮ ಬೆಂಗಳೂರಿನ ಅಡ್ಡಾಗಳಿಗೆ ತುರ್ತಾಗಿ ಬೇಕು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. ದಿನಕ್ಕೊಬ್ಬ ಮೇಸ್ತ್ರಿಯ ಹಿಂದೆ ಹೋಗುವವರಿಗೆ ಆ ದಿನಗಳ ಲೆಕ್ಕ ಬರೆದುಕೊಡುವವರು ಯಾರು? ಅಡ್ಡಾದಲ್ಲೇ ದಿನವಹಿ ಹೆಸರು ಬರೆದಿಟ್ಟರೆ ಅದೇ ಪುರಾವೆಯಾಗಬಹುದು.