ಕರುಳಿನ ಕ್ಯಾನ್ಸರ್: ಎಂಎಂಆರ್ ಟೆಸ್ಟಾ, ಜೀನ್ ಸ್ಕೋರಾ?

ಶಿರಸಿಯ ನಮ್ಮ ಭಾವನಿಗೆ ದೊಡ್ಡ ಕರುಳಿನ ಆಪರೇಷನ್ ಆಯ್ತು, ಕ್ಯಾನ್ಸರ್ ಎರಡನೇ ಹಂತದಲ್ಲಿತ್ತು. ರಿಪೋರ್ಟಿನ ಕವರ್ ಹಿಡಿದು ಅಕ್ಕ ಕೇಳಿದ್ದು ಒಂದೇ, ಮತ್ತೆ ಬರುತ್ತಾ?

ಮೊದಲು ಎಂಎಂಆರ್ ಟೆಸ್ಟ್ ಮಾಡಿಸಿ, ಅಂದರೆ ಡಿಎನ್ಎಯ ತಪ್ಪು ತಿದ್ದುವ ವ್ಯವಸ್ಥೆ ಗಡ್ಡೆಯಲ್ಲಿ ಸರಿಯಿದೆಯಾ ಅಂತ ನೋಡುವ ಪರೀಕ್ಷೆ. ತೆಗೆದ ಗಡ್ಡೆಯ ತುಂಡನ್ನು ಲ್ಯಾಬಿನಲ್ಲಿ ಇಟ್ಟಿರುವ ಮೇಣದ ಬ್ಲಾಕಿನಲ್ಲೇ ಆಗುತ್ತದೆ, ಮತ್ತೆ ಚುಚ್ಚುವುದಿಲ್ಲ. ಈ ತಿದ್ದುವ ಕೆಲಸದ 4 ಪ್ರೋಟೀನು ನೋಡುತ್ತಾರೆ. ಒಂದಾದರೂ ಕಾಣದಿದ್ದರೆ, ಎರಡನೇ ಹಂತದಲ್ಲಿ ಕಾಯಿಲೆ ಮರಳುವ ಭಯ ಸಾಮಾನ್ಯವಾಗಿ ಕಡಿಮೆ, 5-ಎಫ್‌ಯು ಎಂಬ ಕೀಮೋ ಔಷಧ ಒಂದನ್ನೇ ಕೊಟ್ಟರೆ ಅಂಥ ಲಾಭವೂ ಕಾಣುವುದಿಲ್ಲ, ಜೊತೆಗೆ ಇದು ವಂಶದಲ್ಲಿ ಬರುವ, ಕ್ಯಾನ್ಸರ್ ಅಪಾಯ ಹೆಚ್ಚಿಸುವ ಲಿಂಚ್ ಸಿಂಡ್ರೋಮ್ ಇರಬಹುದಾ ಅಂತಲೂ ನೋಡಬೇಕಾಗುತ್ತದೆ. ಮಕ್ಕಳಿಗೆ ಅದು ಮುಖ್ಯ ಅಲ್ವಾ.

ಕೋಶ ಸಾಯಿಸುವ ಜೀನ್‌ಗಳ ಸ್ಕೋರ್ ಬೇರೆ. ಅಪಾಪ್ಟೋಸಿಸ್ (ಕೋಶ ತಾನಾಗಿಯೇ ಸಾಯುವುದು), 2012ರಲ್ಲಿ ಹೆಸರು ಪಡೆದ ಫೆರಾಪ್ಟೋಸಿಸ್ (ಕಬ್ಬಿಣದಿಂದಾಗಿ ಕೋಶ ಸಾಯುವುದು), ಇವುಗಳ ಜೀನ್‌ಗಳು ಗಡ್ಡೆಯಲ್ಲಿ ಎಷ್ಟು ಚುರುಕು ಅಂತ ಅಳೆದು, ಕಾಯಿಲೆ ಮರಳುತ್ತದಾ ಅಂತ ಅಂದಾಜು ಮಾಡುತ್ತಾರೆ. ಆಸೆ ಹುಟ್ಟಿಸುವ ಕೆಲಸವೇ, ಆದರೆ ಹೆಚ್ಚಿನವು ಇನ್ನೂ ಸಂಶೋಧನೆಯಲ್ಲಿವೆ. ಅದಕ್ಕಾಗಿ ಸುಮ್ನೆ ಸಾಲ ಮಾಡಬೇಡಿ. ಕನಿಷ್ಠ 12 ಲಿಂಫ್ ಗಂಟು ನೋಡಿದ್ದಾರಾ ಅಂತ ಡಾಕ್ಟರ ಹತ್ತಿರ ಕೇಳಿ, ಕಡಿಮೆ ನೋಡಿದ್ದರೆ ಅಲ್ಲಿಗೆ ಹರಡಿದ್ದು ಕಣ್ಣು ತಪ್ಪಿರಬಹುದು.