ಫ್ಯಾಮಿಲಿ ಥೆರಪಿ ‘ಪಿಜಿ ಡಿಪ್ಲೊಮಾ’ಕ್ಕೆ ಹಣ ಕಟ್ಟುವ ಮೊದಲು ಇದನ್ನು ಓದಿ

ಸಾಂತ್ವನ ಕೇಂದ್ರ, ಕುಟುಂಬ ಸಲಹಾ ಕೇಂದ್ರ, ಶಾಲೆ, ಆಸ್ಪತ್ರೆ, ಎಲ್ಲೇ ಆಗಲಿ, ಮನೆಮಂದಿಯನ್ನು ಕೂರಿಸಿಕೊಂಡು ಮಾತಾಡುವ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥದ್ದೊಂದು ಕೋರ್ಸಿಗೆ ನನ್ನ ಹನ್ನೊಂದು ತಿಂಗಳು ಹೋಯಿತು, 72,000 ರೂಪಾಯಿ ಹೋಯಿತು. ಅದು ಹಾಗಿರಲಿ. ನನ್ನ ತಪ್ಪಿನಿಂದ ಒಬ್ಬ ಹೆಣ್ಣುಮಗಳು ಪೆಟ್ಟು ತಿಂದಳು. ಅದನ್ನು ಬಿಟ್ಟು ಬರೀ ದುಡ್ಡಿನ ವಿಷಯ ಬರೆದರೆ ಪೂರ್ತಿ ಹೇಳಿದಂತೆ ಆಗುವುದಿಲ್ಲ.

ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವಳು. ದಾವಣಗೆರೆ ಕಡೆಯ ಒಂದು ತಾಲ್ಲೂಕಿನಲ್ಲಿ ಒಂಬತ್ತು ವರ್ಷದಿಂದ ಆಪ್ತ ಸಮಾಲೋಚಕಿ. ಕುಡಿತ, ಜಮೀನಿನ ಪಾಲು, ಅತ್ತೆ ಸೊಸೆ ಜಗಳ, ಮನೆ ಬಿಟ್ಟು ಹೋದ ಮಗಳು, ಎಲ್ಲ ಬರುತ್ತವೆ. ಒಬ್ಬೊಬ್ಬರ ಜೊತೆ ಕೂತು ಮಾತಾಡುವುದು ನನಗೆ ಬರುತ್ತಿತ್ತು. ಐದು ಜನ ಒಟ್ಟಿಗೆ ಬಂದು ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡತೊಡಗಿದರೆ ಮಾತ್ರ ಏನು ಮಾಡಬೇಕು ಅಂತ ತೋಚುತ್ತಿರಲಿಲ್ಲ. ಎಂಎಸ್‌ಡಬ್ಲ್ಯೂನಲ್ಲಿ ಇದಕ್ಕೆ ಇದ್ದದ್ದು ಒಂದು ಅಧ್ಯಾಯ ಅಷ್ಟೇ. ಬೆಂಗಳೂರಿಗೆ ಹೋಗಿ ಎರಡು ವರ್ಷ ಫುಲ್ ಟೈಂ ಓದೋಣ ಅಂದರೆ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು, ಸಂಬಳ ಬಿಟ್ಟರೆ ನಡೆಯುವುದಿಲ್ಲ. ಅಂಥ ಹೊತ್ತಿನಲ್ಲಿ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಫ್ಯಾಮಿಲಿ ಥೆರಪಿಯಲ್ಲಿ, ಅಂದರೆ ಮನೆಮಂದಿಯನ್ನೆಲ್ಲ ಒಟ್ಟಿಗೆ ಕೂರಿಸಿ ಮಾಡುವ ಸಮಾಲೋಚನೆಯಲ್ಲಿ, ಪಿಜಿ ಡಿಪ್ಲೊಮಾ, ಶನಿವಾರ ಭಾನುವಾರ ಮಾತ್ರ, ಆನ್‌ಲೈನ್, ಲಂಡನ್ ಮಾದರಿಯ ಪಠ್ಯ, 60 ಗಂಟೆ ಸೂಪರ್‌ವಿಷನ್ (ಅನುಭವಿಗಳು ನಮ್ಮ ಕೆಲಸ ನೋಡಿ ತಿದ್ದುವುದು), ಐಎಸ್‌ಒ ಪ್ರಮಾಣಪತ್ರ ಇರುವ ಸಂಸ್ಥೆ. ಚೀಟಿ ಹಣ ಎತ್ತಿ ಕಟ್ಟಿದೆ.

ಪಾಠ ಕೆಟ್ಟದಾಗಿತ್ತು ಅಂತ ಹೇಳಲಾರೆ. ಒಬ್ಬ ಮೇಡಂ ಜೀನೋಗ್ರಾಮ್, ಅಂದರೆ ಕುಟುಂಬದ ನಕ್ಷೆ ಬಿಡಿಸುವುದನ್ನು ಚೆನ್ನಾಗಿ ಹೇಳಿಕೊಟ್ಟರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮೂರು ತಲೆಮಾರು. ಅದನ್ನು ಈಗಲೂ ಬಳಸುತ್ತೇನೆ. ಫ್ಯಾಮಿಲಿ ಥೆರಪಿಯನ್ನು ಕಟ್ಟಿ ಬೆಳೆಸಿದ ಬೋವೆನ್, ಮಿನೂಚಿನ್, ಸಟೀರ್ ಎಲ್ಲರ ಹೆಸರೂ ಬಂತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾ ಸಾಗರ್ ಅವರು ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಜೊತೆಯಲ್ಲಿ ಉಳಿಸಿಕೊಂಡಿದ್ದರು ಅನ್ನುವುದು ನನಗೆ ಗೊತ್ತಾಗಿದ್ದೂ ಅಲ್ಲೇ.

ಆದರೆ ಹನ್ನೊಂದು ತಿಂಗಳಲ್ಲಿ ನಾವು ಒಂದೇ ಒಂದು ಕುಟುಂಬವನ್ನೂ ನೋಡಲಿಲ್ಲ. ಒಂದು ಸಲ ಮೂರು ಮೂರು ಜನರನ್ನು ಗುಂಪು ಮಾಡಿ, ನೀವು ಅತ್ತೆ, ನೀವು ಸೊಸೆ ಅಂದು ಇಪ್ಪತ್ತು ನಿಮಿಷ ಮಾತಾಡಿಸಿದರು. ಮುಗೀತು. 60 ಗಂಟೆಯ ಸೂಪರ್‌ವಿಷನ್ ಅಂದರೆ ಒಂದು ವಾಟ್ಸಾಪ್ ಗ್ರೂಪ್. ಅದರಲ್ಲಿ ಇನ್ನೂರು ಜನ. ನಿಮ್ಮ ಕೇಸ್ ಹಾಕಿ, ಸರ್ ಉತ್ತರ ಕೊಡುತ್ತಾರೆ ಅನ್ನುತ್ತಿದ್ದರು. ಕೆಲವರು ಊರು, ಹೆಸರು ಸಮೇತ ಹಾಕುತ್ತಿದ್ದರು. ನಮ್ಮನ್ನು ನಂಬಿ ಹೇಳಿಕೊಂಡವರ ಮನೆ ಗುಟ್ಟು ಇನ್ನೂರು ಫೋನುಗಳಲ್ಲಿ! ಕೊನೆಗೆ ಲಾಗ್‌ಬುಕ್ (ಮಾಡಿದ ಕೆಲಸದ ಗಂಟೆಗಳನ್ನು ಬರೆಯುವ ಪುಸ್ತಕ) ಕಳಿಸಿ, 100 ಗಂಟೆ ತುಂಬಿ ಕೊಡಿ ಅಂದರು. ಯಾರೂ ನೋಡದ ಗಂಟೆಗಳಿಗೆ ಅವರು ಸಹಿ ಹಾಕಿದರು. ನಾನೂ ಬಾಯಿ ಮುಚ್ಚಿಕೊಂಡು ತುಂಬಿ ಕೊಟ್ಟೆ. ಅಲ್ಲೇ ನಿಲ್ಲಬೇಕಿತ್ತು.

ಈಗ ಆ ಹೆಣ್ಣುಮಗಳ ವಿಷಯ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಗಂಡ, ಹೆಂಡತಿ, ಅತ್ತೆ ಮೂವರೂ ಬಂದಿದ್ದರು. ಮನೆಯಲ್ಲಿ ಬರೀ ಜಗಳ ಅನ್ನುವುದಷ್ಟೇ ದೂರು. ಅದಕ್ಕೆ ಮೂರು ವಾರ ಹಿಂದೆ ನಮಗೆ ಸರ್ಕ್ಯುಲರ್ ಪ್ರಶ್ನೆಗಳ ಪಾಠ ಆಗಿತ್ತು. ಅಂದರೆ ಒಬ್ಬರ ಬಗ್ಗೆ ಅವರನ್ನೇ ಕೇಳದೆ, ಮನೆಯ ಇನ್ನೊಬ್ಬರನ್ನು ಕೇಳುವುದು. ಅದರಿಂದ ಮನೆಯಲ್ಲಿ ಯಾರು ಯಾರಿಗೆ ಹೇಗೆ ಅನ್ನುವುದು ಕಾಣುತ್ತದೆ. ನಾನು ಹೆಂಡತಿಯನ್ನು ಕೇಳಿದೆ, “ನಿಮ್ಮ ಯಜಮಾನರಿಗೆ ಸಿಟ್ಟು ಬಂದರೆ ಮನೆಯಲ್ಲಿ ಮೊದಲು ಯಾರಿಗೆ ಗೊತ್ತಾಗುತ್ತೆ?” ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗಳಿಗೆ ಮೇಡಂ. ಅವಳು ಹೋಗಿ ಅಡುಗೆಮನೆ ಬಾಗಿಲು ಹಾಕ್ಕೊತಾಳೆ” ಅಂದಳು. ಗಂಡ ನೆಲ ನೋಡುತ್ತಿದ್ದ. ಪ್ರಶ್ನೆ ಕೆಲಸ ಮಾಡಿತು ಅಂತ ನನಗೆ ಒಳಗೊಳಗೇ ಖುಷಿ. ಮುಂದಿನ ವಾರಕ್ಕೆ ಬನ್ನಿ ಅಂದು ಕಳಿಸಿದೆ.

ಅವರು ಬರಲಿಲ್ಲ. ಹತ್ತು ದಿನದ ಮೇಲೆ ಅವಳೊಬ್ಬಳೇ ಬಂದಳು, ಕೈಗೆ ಪಟ್ಟಿ ಕಟ್ಟಿಸಿಕೊಂಡು. ನನ್ನ ಹತ್ತಿರ ಬರಲಿಲ್ಲ, ನನ್ನ ಸಹೋದ್ಯೋಗಿಯ ಹತ್ತಿರ ಹೋಗಿ ಕೂತಳು. ಮನೆ ಮಾತನ್ನು ಬೀದಿಗೆ ತಂದಳು ಅಂತ, ನನ್ನ ಹತ್ತಿರ ಬಂದು ಹೋದ ದಿನ ರಾತ್ರಿಯೇ ಗಂಡ ಹೊಡೆದಿದ್ದ.

ಒಟ್ಟಿಗೆ ಕೂರಿಸುವ ಮೊದಲು ಹೆಂಡತಿಯನ್ನು ಒಬ್ಬಳೇ ಕೂರಿಸಿ, ಮನೆಯಲ್ಲಿ ಹೊಡೆತ ಬಡಿತ ಇದೆಯಾ, ಭಯ ಇದೆಯಾ ಅಂತ ಕೇಳಬೇಕು. ಇದ್ದರೆ ಒಟ್ಟಿಗೆ ಕೂರಿಸುವ ಮಾತೇ ಬೇರೆ ಆಗುತ್ತದೆ, ಮೊದಲು ಅವಳ ಮತ್ತು ಮಕ್ಕಳ ಸುರಕ್ಷತೆ. ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆಯ ಕೆಳಗೆ ನಡೆಯುವ ಸಮಾಲೋಚನೆಯಲ್ಲಿ, ಹೊಡೆದವನು ತಾನು ಹೊಡೆದದ್ದಕ್ಕೆ ಸಮರ್ಥನೆ ಕೊಡುವಂತಿಲ್ಲ ಅಂತ ನಿಯಮವೇ ಇದೆ. ಹನ್ನೊಂದು ತಿಂಗಳಲ್ಲಿ ಇದರ ಬಗ್ಗೆ ಒಂದು ತರಗತಿಯೂ ಇರಲಿಲ್ಲ. ಒಂಬತ್ತು ವರ್ಷ ಕೆಲಸ ಮಾಡಿದ ನನಗಾದರೂ ಹೊಳೆಯಬೇಕಿತ್ತು ಅಲ್ವಾ? ಹೊಸ ಪ್ರಶ್ನೆಯ ಹುಮ್ಮಸ್ಸಿನಲ್ಲಿ ಹಳೆಯ ಎಚ್ಚರ ಮರೆತೆ. ಕೋರ್ಸಿನ ಕೋಆರ್ಡಿನೇಟರ್‌ಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅದು ನಿಮ್ಮ ಕೇಂದ್ರದ ಜವಾಬ್ದಾರಿ ಮೇಡಂ, ನಮಗೆ ಸಂಬಂಧ ಇಲ್ಲ ಅಂದರು.

ಆಮೇಲೆ ನಾನೇ ಕೂತು ಓದಿದೆ. ಆ ಸರ್ಕ್ಯುಲರ್ ಪ್ರಶ್ನೆಗಳನ್ನು 1970ರ ದಶಕದಲ್ಲಿ ಬೆಳೆಸಿದ್ದು ಇಟಲಿಯ ಮಿಲಾನ್ ನಗರದ ನಾಲ್ಕು ಜನ ಮನೋವೈದ್ಯರು. ಇಬ್ಬರು ಕುಟುಂಬದ ಜೊತೆ ಕೂರುತ್ತಿದ್ದರು, ಇನ್ನಿಬ್ಬರು ಒಂದೇ ಕಡೆಯಿಂದ ಕಾಣುವ ಕನ್ನಡಿಯ ಹಿಂದೆ ಕೂತು ನೋಡುತ್ತಿದ್ದರು. ಏನಾದರೂ ತಪ್ಪಿದರೆ ಒಳಗಿದ್ದವರನ್ನು ಹೊರಗೆ ಕರೆದು ಮಾತಾಡುತ್ತಿದ್ದರು. ನಾಲ್ಕು ಜನ ಸೇರಿ ಮಾಡುತ್ತಿದ್ದುದನ್ನು ನಾನು ನಾಲ್ಕು ಸ್ಲೈಡ್ ನೋಡಿ ಒಬ್ಬಳೇ ಮಾಡಲು ಹೋಗಿದ್ದೆ. ಲಂಡನ್ ಮಾದರಿ ಅಂದರಲ್ಲ, ಬ್ರಿಟನ್ನಿನಲ್ಲಿ ಫ್ಯಾಮಿಲಿ ಥೆರಪಿಸ್ಟ್ ಆಗಲು ಸಾಮಾನ್ಯವಾಗಿ ನಾಲ್ಕು ವರ್ಷ ಬೇಕು. ಅನುಭವಿ ಥೆರಪಿಸ್ಟ್ ನೋಡುತ್ತಿರುವಾಗಲೇ ಕುಟುಂಬಗಳ ಜೊತೆ ಕೂರುವುದು ಆ ತರಬೇತಿಯ ದೊಡ್ಡ ಭಾಗ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ (ಮಾನಸಿಕ ರೋಗಿಗಳು ಮತ್ತು ಅವರ ಮನೆಯವರ ಜೊತೆ ಕೆಲಸ ಮಾಡುವ ಸಮಾಜ ಕಾರ್ಯಕರ್ತರು) ಅಂದರೆ ಯಾರು ಅಂತ ಬರೆದಿದ್ದಾರೆ: ಎಂಎಸ್‌ಡಬ್ಲ್ಯೂ ಆದ ಮೇಲೆ ಎರಡು ವರ್ಷದ ಫುಲ್ ಟೈಂ ಎಂ.ಫಿಲ್, ಅದರಲ್ಲಿ ಮೇಲ್ವಿಚಾರಣೆಯಲ್ಲಿ ನಡೆಯುವ ಕ್ಲಿನಿಕಲ್ ತರಬೇತಿ ಇರಲೇಬೇಕು. ಒಂದು ಆಸ್ಪತ್ರೆಯ ಕೆಲಸಕ್ಕೆ ಹೋದಾಗ ನನ್ನ ಬಂಗಾರದ ಸೀಲಿನ ಸರ್ಟಿಫಿಕೇಟನ್ನು ಅವರು ತಿರುಗಿಸಿಯೂ ನೋಡಲಿಲ್ಲ. ಎಂ.ಫಿಲ್ ಇದೆಯಾ ಅಂತ ಮಾತ್ರ ಕೇಳಿದರು.

ಇಂಥ ಸಂಸ್ಥೆಗಳು ‘ಡಿಪ್ಲೊಮಾ’ ಅನ್ನುವ ಪದ ಯಾಕೆ ಹಿಡಿಯುತ್ತವೆ ಅಂದರೆ, 1956ರ ಯುಜಿಸಿ ಕಾಯ್ದೆಯ ಪ್ರಕಾರ ಡಿಗ್ರಿಯನ್ನು ವಿಶ್ವವಿದ್ಯಾಲಯಗಳಂಥ ಅಧಿಕಾರ ಇರುವ ಸಂಸ್ಥೆಗಳು ಮಾತ್ರ ಕೊಡಬಹುದು. ಡಿಪ್ಲೊಮಾಕ್ಕೆ ಆ ಕಟ್ಟು ಇಲ್ಲ. ಮುಂದೆ ಪಿಜಿ ಅಂತ ಸೇರಿಸಿದರೆ ನಮ್ಮಂಥವರಿಗೆ ಎಂ.ಎ. ಥರ ಕೇಳಿಸುತ್ತದೆ. ಐಎಸ್‌ಒ ಅನ್ನುವುದು ಆಫೀಸು ನಡೆಸುವ ಪದ್ಧತಿಗೆ ಸಿಗುವ ಪ್ರಮಾಣಪತ್ರ, ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯತೆ ಇದೆ ಅಂದರೆ ಅವರು ಕಳಿಸುವ ಫೋಟೋ ನಂಬಬೇಡಿ, ಆರ್‌ಸಿಐ ವೆಬ್‌ಸೈಟಿನ ಪಟ್ಟಿಯಲ್ಲಿ ನೀವೇ ಹುಡುಕಿ.

ಇಷ್ಟಾದರೂ, ಕೇಳಲೇಬೇಕಾದ ಪ್ರಶ್ನೆ ಮಾನ್ಯತೆಯದ್ದಲ್ಲ. ನಾನು ಕುಟುಂಬದ ಜೊತೆ ಕೂತಾಗ ಯಾರು ನೋಡುತ್ತಾರೆ? ಎಷ್ಟು ಸಲ? ಅವರ ಹೆಸರೇನು, ಅವರು ಎಲ್ಲಿ ಕಲಿತವರು? ಸೆಷನ್ನಿನ ರೆಕಾರ್ಡಿಂಗ್ ಯಾರು ಕೇಳುತ್ತಾರೆ, ಅದಕ್ಕೆ ಮನೆಯವರ ಒಪ್ಪಿಗೆ ಪಡೆಯುವುದು ಹೇಗೆ? ಹಿಂಸೆ ಇರುವ ಮನೆಗಳ ಬಗ್ಗೆ ಎಷ್ಟು ತರಗತಿ? ಇದಕ್ಕೆಲ್ಲ ಇಮೇಲಿನಲ್ಲಿ ಉತ್ತರ ತರಿಸಿಕೊಳ್ಳಿ. ಇವತ್ತೇ ಕಟ್ಟಿದರೆ 30% ರಿಯಾಯಿತಿ ಅಂತ ಅವಸರ ಮಾಡಿದರೆ ಕಟ್ಟಬೇಡಿ. ಈಗಾಗಲೇ ಕಟ್ಟಿದವರು ಜಾಹೀರಾತು, ರಸೀದಿ, ಮೆಸೇಜು ಯಾವುದನ್ನೂ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನೂ ದೂರು ಕೊಟ್ಟಿದ್ದೇನೆ, ಹಣ ಇನ್ನೂ ಬಂದಿಲ್ಲ.

ಆ ಹೆಣ್ಣುಮಗಳು ಈಗ ಮಗಳ ಜೊತೆ ತವರಿನಲ್ಲಿದ್ದಾಳೆ, ಕೇಸ್ ನಡೆಯುತ್ತಿದೆ, ನನ್ನ ಸಹೋದ್ಯೋಗಿ ಜೊತೆಗಿದ್ದಾರೆ. ನಾನು ತಿಂಗಳಿಗೆ ಎರಡು ಶನಿವಾರ ಒಬ್ಬ ಹಿರಿಯ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಹತ್ತಿರ ಹೋಗುತ್ತೇನೆ. ಮನೆಯವರು ಒಪ್ಪಿ ಬರೆದುಕೊಟ್ಟ ರೆಕಾರ್ಡಿಂಗ್ ಮಾತ್ರ ತೆಗೆದುಕೊಂಡು ಹೋಗುತ್ತೇನೆ. ಮೊದಲ ದಿನ ಹತ್ತು ನಿಮಿಷ ಕೇಳಿ ನಿಲ್ಲಿಸಿದರು. “ಆ ಅಜ್ಜಿ ಮೂರು ಸಲ ಏನೋ ಹೇಳೋಕೆ ಬಂದರು, ಮೂರು ಸಲವೂ ನೀವು ತಡೆದಿರಿ ನೋಡಮ್ಮ” ಅಂದರು. ಮತ್ತೆ ಹಿಂದಕ್ಕೆ ಹಾಕಿ ಕೇಳಿದೆವು. ಹೌದು, ಮೂರು ಸಲ.