ಕ್ಯಾಬಿನೆಟ್ ಜೊತೆಗೆ ಬರುವ ಎಸ್‌ಎಂಪಿಎಸ್ ನಂಬಿ ಗೇಮಿಂಗ್ ಕಂಪ್ಯೂಟರ್ ಜೋಡಿಸಬೇಡಿ

ಕಡಿಮೆ ಖರ್ಚಿನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರಲ್ಲಿ ಹೆಚ್ಚಿನವರು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿಗೆ ಹಣವನ್ನೆಲ್ಲ ಸುರಿದು, ಎಸ್‌ಎಂಪಿಎಸ್ (ಮನೆಯ ವಿದ್ಯುತ್ತನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಬದಲಾಯಿಸಿ ಕೊಡುವ ಘಟಕ) ವಿಷಯಕ್ಕೆ ಬಂದಾಗ ಕೈ ಬಿಗಿಹಿಡಿಯುತ್ತಾರೆ. ನಾನೂ ಹಾಗೆಯೇ ಮಾಡಿದೆ. ಎರಡೂವರೆ ತಿಂಗಳಲ್ಲಿ ಮದರ್‌ಬೋರ್ಡ್ ಹೋಯಿತು, ಅದರ ಜೊತೆಗೆ ಮಾಹಿತಿ ಶೇಖರಿಸಿಡುವ ಎಸ್‌ಎಸ್‌ಡಿಯೂ ಅದರಲ್ಲಿದ್ದ ಕೆಲಸದ ಕಡತಗಳೂ ಹೋದವು. ಬೇರೆಯವರಿಗೆ ಹೀಗಾಗಬಾರದೆಂಬ ಕಾರಣಕ್ಕೆ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡದ್ದು ರೈಜೆನ್ 5 5600 ಪ್ರೊಸೆಸರ್, ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಮತ್ತು 16 ಜಿಬಿ ರ‍್ಯಾಮ್. ಈ ಆಯ್ಕೆಯ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಕ್ಯಾಬಿನೆಟ್ ಜೊತೆಗೆ ಒಂದು ಎಸ್‌ಎಂಪಿಎಸ್ ಬಂದಿತ್ತು, ಅದರ ಮೇಲೆ ದಪ್ಪ ಅಕ್ಷರಗಳಲ್ಲಿ 500 ವ್ಯಾಟ್ ಎಂದಿತ್ತು. ಕಾರ್ಡಿಗೆ 132 ವ್ಯಾಟ್, ಪ್ರೊಸೆಸರ್‌ಗೆ ಹೆಚ್ಚೆಂದರೆ 88 ವ್ಯಾಟ್, ಉಳಿದದ್ದಕ್ಕೆಲ್ಲ ಸೇರಿ ಇನ್ನೊಂದು 50 ಎಂದು ಲೆಕ್ಕ ಹಾಕಿದೆ. ಒಟ್ಟು 270ರ ಆಸುಪಾಸು ಬಂದದ್ದರಿಂದ 500 ಧಾರಾಳವಾಯಿತು ಎಂದು ಸಮಾಧಾನಪಟ್ಟುಕೊಂಡೆ. ಕೂಡಿಸಿದ್ದು ತಪ್ಪಾಗಿರಲಿಲ್ಲ, ಆ 500 ಎಂಬ ಸಂಖ್ಯೆಯೇ ಸುಳ್ಳಾಗಿತ್ತು. ಅದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 8 ಪಿನ್ ಕನೆಕ್ಟರ್ ಕೂಡ ಇರಲಿಲ್ಲ. ಮೋಲೆಕ್ಸ್ ಎಂಬ ಹಳೆಯ ಬಗೆಯ 4 ಪಿನ್ ಕನೆಕ್ಟರಿನಿಂದ 8 ಪಿನ್‌ಗೆ ಬದಲಾಯಿಸುವ ಒಂದು ಅಡಾಪ್ಟರ್ ತಂದು ಚುಚ್ಚಿದೆ. ಒಂದು 8 ಪಿನ್ ಕನೆಕ್ಟರ್ 150 ವ್ಯಾಟ್ ಕೊಡಬೇಕೆಂಬುದು ನಿಯಮ. ನಿಜವಾಗಿ 500 ವ್ಯಾಟ್ ಕೊಡಬಲ್ಲ ಘಟಕವನ್ನು ಮಾಡಿದವರು ಆ ಕನೆಕ್ಟರನ್ನೇ ಕೈಬಿಡಲಾರರು ಎಂಬುದು ನನಗೆ ಅಂದೇ ಹೊಳೆಯಬೇಕಿತ್ತು.

ಮೊದಲ ಕೆಲವು ದಿನ ಏನೂ ತೊಂದರೆಯಾಗಲಿಲ್ಲ. ಆಮೇಲೆ ಭಾರವಾದ ಗೇಮ್ ಆಡುವಾಗ ಮಾತ್ರ ಪರದೆ ತಟ್ಟನೆ ಕಪ್ಪಾಗಿ, ಕಂಪ್ಯೂಟರ್ ತಾನೇ ಮರುಚಾಲನೆಯಾಗತೊಡಗಿತು. ನೀಲಿ ಪರದೆಯಾಗಲಿ, ದೋಷದ ಸಂದೇಶವಾಗಲಿ ಇರಲಿಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಮಾತ್ರ ಸಿಗುತ್ತಿತ್ತು. ಯಂತ್ರ ಸರಿಯಾದ ಕ್ರಮದಲ್ಲಿ ಬಂದ್ ಆಗಲಿಲ್ಲ ಎಂದಷ್ಟೇ ಅದು ತಿಳಿಸುತ್ತದೆ, ಏಕೆ ಎಂಬುದನ್ನು ತಿಳಿಸುವುದಿಲ್ಲ. ಸಿನಿಮಾ ನೋಡುವಾಗ, ಬರೆಯುವಾಗ ಎಲ್ಲವೂ ಸರಿಯಾಗಿಯೇ ಇದ್ದುದರಿಂದ ವಿದ್ಯುತ್ತಿನ ಮೇಲೆ ಅನುಮಾನ ಬರಲಿಲ್ಲ. ರ‍್ಯಾಮ್ ಬಿಚ್ಚಿ ಹಾಕಿದೆ, ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿದೆ, ಡ್ರೈವರ್ ಅಳಿಸಿ ಮತ್ತೆ ಹಾಕಿದೆ, ಕೊನೆಗೆ ವಿಂಡೋಸನ್ನೇ ಹೊಸದಾಗಿ ಅಳವಡಿಸಿದೆ. ಒಂದು ತಿಂಗಳು ಹೀಗೆಯೇ ಕಳೆಯಿತು.

ಕಡೆಗೆ ಪಕ್ಕದ ಫಲಕ ತೆಗೆದು, ಎಸ್‌ಎಂಪಿಎಸ್ ಬದಿಯ ಲೇಬಲ್ಲಿಗೆ ಟಾರ್ಚ್ ಹಿಡಿದು ಓದಿದೆ. 3.3 ವೋಲ್ಟಿಗೆ 20 ಆಂಪಿಯರ್, 5 ವೋಲ್ಟಿಗೆ 20 ಆಂಪಿಯರ್, 12 ವೋಲ್ಟಿಗೆ 16 ಆಂಪಿಯರ್ ಎಂದಿತ್ತು. ಈಗಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ತಮಗೆ ಬೇಕಾದ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ 12 ವೋಲ್ಟ್ ಸಾಲಿನಿಂದಲೇ, ಅಂದರೆ ಆ ವೋಲ್ಟೇಜ್ ಸಾಗಿಸುವ ತಂತಿಗಳಿಂದಲೇ, ಎಳೆದುಕೊಳ್ಳುತ್ತವೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ, 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್. ಅಂದರೆ ಪ್ರೊಸೆಸರ್ ಮತ್ತು ಕಾರ್ಡ್ ಎರಡೇ ಕೇಳುತ್ತಿದ್ದ 220 ವ್ಯಾಟ್ ಕೊಡುವ ಶಕ್ತಿಯೂ ಅದಕ್ಕಿರಲಿಲ್ಲ. ಎಲ್ಲ ಸಾಲುಗಳನ್ನು ಕೂಡಿಸಿದರೂ 400 ಮುಟ್ಟುತ್ತಿರಲಿಲ್ಲ. 500 ಎಲ್ಲಿಂದ ಬಂತೆಂಬುದಕ್ಕೆ ಆ ಲೇಬಲ್ಲಿನಲ್ಲೇ ಉತ್ತರವಿರಲಿಲ್ಲ.

ಪರಿಚಿತ ತಂತ್ರಜ್ಞರೊಬ್ಬರು ಮಲ್ಟಿಮೀಟರ್ ತಂದು, ಖಾಲಿ ಇದ್ದ ಮೋಲೆಕ್ಸ್ ಕನೆಕ್ಟರಿನಲ್ಲಿ ಅಳತೆ ಮಾಡಿದರು. ಗೇಮ್ ಶುರುವಾದೊಡನೆ ಹಳದಿ ತಂತಿಯ 12 ವೋಲ್ಟ್ 11.1ಕ್ಕೆ ಕುಸಿಯಿತು, ಕೆಂಪು ತಂತಿಯ 5 ವೋಲ್ಟ್ 5.4ಕ್ಕೆ ಏರಿತು. ಇಂಥ ಎಸ್‌ಎಂಪಿಎಸ್‌ಗಳು ಪಾಲಿಸಬೇಕಾದ ಎಟಿಎಕ್ಸ್ ಮಾನದಂಡ ಎರಡಕ್ಕೂ ಶೇಕಡಾ 5ರಷ್ಟು ಏರಿಳಿತವನ್ನು ಮಾತ್ರ ಒಪ್ಪುತ್ತದೆ. ಅದರ ಪ್ರಕಾರ 12 ವೋಲ್ಟ್ 11.4ಕ್ಕಿಂತ ಇಳಿಯಬಾರದು, 5 ವೋಲ್ಟ್ 5.25ನ್ನು ದಾಟಬಾರದು. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಈ ಎರಡೂ ಸಾಲುಗಳನ್ನು ಒಟ್ಟಿಗೇ ನಿಯಂತ್ರಿಸುವುದರಿಂದ, ಒಂದರ ಮೇಲೆ ಹೊರೆ ಹೆಚ್ಚಾಗಿ ಅದು ಕುಸಿದಾಗ ಅದನ್ನು ಎತ್ತುವ ಪ್ರಯತ್ನದಲ್ಲಿ ಇನ್ನೊಂದು ಮಿತಿ ಮೀರುತ್ತದೆ ಎಂದು ಅವರು ವಿವರಿಸಿದರು. ನನ್ನ ಸಾಟಾ ಎಸ್‌ಎಸ್‌ಡಿ ನಡೆಯುತ್ತಿದ್ದುದು ಆ 5 ವೋಲ್ಟಿನಲ್ಲೇ.

ಅಂದೇ ಹೊಸ ಎಸ್‌ಎಂಪಿಎಸ್ ತರಿಸಲು ಹೇಳಿದೆ, ಆದರೆ ಅದು ಬರುವವರೆಗೆ ಕಂಪ್ಯೂಟರನ್ನು ಬಳಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅತ್ಯಂತ ದೊಡ್ಡ ತಪ್ಪು ಅದು. ಮೂರನೆಯ ದಿನ ಗೇಮ್ ನಡುವೆ ಟಪ್ ಎಂಬ ಸದ್ದಾಯಿತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಕೋಣೆ ತುಂಬಿತು. ಅಡಾಪ್ಟರಿನ ಹಳದಿ ತಂತಿಯ ಬುಡ ಕಂದಿ, ಕನೆಕ್ಟರ್ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಮದರ್‌ಬೋರ್ಡ್ ಮತ್ತೆ ಜೀವ ತಳೆಯಲಿಲ್ಲ, ಎಸ್‌ಎಸ್‌ಡಿಯನ್ನು ಬೇರೆ ಯಾವ ಕಂಪ್ಯೂಟರೂ ಗುರುತಿಸಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಉಳಿದದ್ದೇ ಪುಣ್ಯ. ತಂತ್ರಜ್ಞರು ಎಸ್‌ಎಂಪಿಎಸ್ ಬಿಚ್ಚಿದಾಗ, ಒಳಬರುವ ವಿದ್ಯುತ್ತನ್ನು ಶೋಧಿಸುವ ಬಿಡಿಭಾಗಗಳು ಇರಬೇಕಾದ ಜಾಗಗಳು ಖಾಲಿಯಾಗಿದ್ದವು, ಎರಡು ಕೆಪಾಸಿಟರುಗಳ ತಲೆ ಉಬ್ಬಿತ್ತು. ನೀವು ಮಾತ್ರ ಇದನ್ನು ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ಪ್ರಮಾಣದ ವಿದ್ಯುತ್ ಉಳಿದಿರುತ್ತದೆ.

ಆದ್ದರಿಂದ ಕೊಳ್ಳುವ ಮುನ್ನ ದೊಡ್ಡ ಅಕ್ಷರದ ಸಂಖ್ಯೆಯನ್ನು ಬಿಟ್ಟು 12 ವೋಲ್ಟ್ ಸಾಲಿನ ಆಂಪಿಯರನ್ನು ನೋಡಿ, 12ರಿಂದ ಗುಣಿಸಿ. ಅದು ಒಟ್ಟು ವ್ಯಾಟಿಗೆ ಹತ್ತಿರವಿಲ್ಲದಿದ್ದರೆ ಆ ವಸ್ತು ಬೇಡ. ಎಸ್‌ಎಂಪಿಎಸ್ ಮೇಲಿನ 80 ಪ್ಲಸ್ ಗುರುತು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ ಅಳೆಯುತ್ತದೆ. ಮಿತಿಮೀರಿದ ವೋಲ್ಟೇಜ್, ಮಿತಿಮೀರಿದ ಹೊರೆ ಮತ್ತು ಶಾರ್ಟ್ ಸರ್ಕ್ಯೂಟ್ ವಿರುದ್ಧ ರಕ್ಷಣೆ ಇದೆಯೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು. ಹಣ ಸಾಲದಿದ್ದರೆ ಬಣ್ಣದ ದೀಪಗಳ ಫ್ಯಾನ್ ಬಿಡಿ, ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ. ಇಲ್ಲವೇ, ಜಿಟಿಎಕ್ಸ್ 1650ರ ಹಲವು ಮಾದರಿಗಳಂತೆ ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟಿನಲ್ಲೇ ನಡೆಯುವ ಕಾರ್ಡಿಗೆ ತೃಪ್ತರಾಗಿ.

ಈಗಾಗಲೇ ನಿಮ್ಮ ಕಂಪ್ಯೂಟರ್ ಗೇಮ್ ನಡುವೆ ಹೀಗೆ ಆರಿಹೋಗುತ್ತಿದ್ದರೆ, ಗೇಮ್ ಓಡಿಸಿ ಮತ್ತೆ ಮತ್ತೆ ಪರೀಕ್ಷಿಸಬೇಡಿ. ಮೊದಲು ಕಡತಗಳನ್ನು ಹೊರಗಿನ ಡ್ರೈವಿಗೆ ನಕಲು ಮಾಡಿಕೊಂಡು, ಪ್ಲಗ್ ಕಿತ್ತು, ಆಮೇಲೆ ಆ ಲೇಬಲ್ ಓದಿ.